ಹೋಗುವಾಗ ಕಡಿಯುವ ನಾಯಿ

ನಮ್ಮ ನಾಯಿ ನಾಲ್ಕು ಜನರನ್ನು ಕಡಿದಿದೆ. ಮೊದಲ ಮೂವರನ್ನು ಕಡಿದಾಗ ನಾನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಬ್ಬ ಕರೆಂಟಿನ ಮೀಟರು ನೋಡಲು ಬಂದವನು. ಅವನ ಮೀನಖಂಡಕ್ಕೆ ಹಲ್ಲು ಹಾಕಿತು. ಖಾಕಿ ಅಂಗಿ ಕಂಡರೆ ಆಗುವುದಿಲ್ಲ ಎಂದುಕೊಂಡೆವು. ಇನ್ನೊಬ್ಬಳು ಬಳೆಗಾರ್ತಿ. ಬಳೆಯ ಸಪ್ಪಳಕ್ಕೆ ಬೆದರಿತು ಎಂದುಕೊಂಡೆವು. ಮೂರನೆಯವರು ನನ್ನ ಅಳಿಯ, ಯಾವಗಲ್ ಊರಿನವರು. ಊಟಕ್ಕೆ ಕೂತಾಗ ನನ್ನ ಮಗ ಫೋನು ಕಿವಿಗೆ ಹಚ್ಚಿಕೊಂಡು ಎದ್ದು ಹೋದ. ತನಗೆ ಮರ್ಯಾದೆ ಕೊಡಲಿಲ್ಲವೆಂದು ಅಳಿಯ ಅರ್ಧ ಊಟಕ್ಕೇ ಕೈ ತೊಳೆದರು. ಸಿಟ್ಟು ಬಂದವರು ಹೋಗಲಿ ಎಂದು ನಾನೂ ಏಳಲಿಲ್ಲ. ಬಾಗಿಲಲ್ಲಿ ನಾಯಿ ಹಿಡಿಯಿತು. ಆ ಹೊತ್ತಿನ ಅವರ ಮುಖ ನೋಡಿದ್ದರೆ ನನಗೂ ಕಡಿಯಬೇಕು ಅನ್ನಿಸುತ್ತಿತ್ತು. ಹಾಗಾಗಿ ನಾಯಿಯದು ಅಂಥಾ ತಪ್ಪೆಂದು ನನಗೆ ಕಾಣಲಿಲ್ಲ.

ನಾಲ್ಕನೆಯದು ನನ್ನ ಮೊಮ್ಮಗಳು. ಮೂರೂವರೆ ವರ್ಷದ ಕೂಸು.

ಅವತ್ತು ಸೊಸೆಯ ಚಿಕ್ಕಮ್ಮ ನರಗುಂದದಿಂದ ಬಂದಿದ್ದಳು. ಇಬ್ಬರೂ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕೂಸು ಆಡುತ್ತ ಹೊರಗೆ ಹೋದದ್ದು ಯಾರಿಗೂ ಗೊತ್ತಿಲ್ಲ. ಒಮ್ಮೆಲೇ ಚೀರಿತು. ನಾನು ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಸೊಸೆ ಕೂಸನ್ನು ಎತ್ತಿಕೊಂಡಿದ್ದಳು. ಮುಂಗೈ ಮೇಲೆ ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಚಿಕ್ಕಮ್ಮ ಬಾಗಿಲಲ್ಲಿ ಬಿಟ್ಟಿದ್ದ ಒಂದು ಚಪ್ಪಲಿ ಅಂಗಳದ ನಡುವೆ ಬಿದ್ದಿತ್ತು. ನಾಯಿ ಸರಪಳಿ ಜಗ್ಗಿ ನಿಂತಿತ್ತು.

ಪಕ್ಕದ ಮನೆಯವಳು ಅರಿಶಿಣ ಸುಣ್ಣ ಕಲಸಿಕೊಂಡು ಬಂದಳು, ನಾನು ವಾಪಸ್ಸು ಕಳಿಸಿದೆ. ನಳದ ಕೆಳಗೆ ಕೈ ಹಿಡಿದು ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದೆವು. ಮಗ, ತಾಯಿ-ಕೂಸು ಇಬ್ಬರನ್ನೂ ಗಾಡಿಯ ಮೇಲೆ ಕೂರಿಸಿಕೊಂಡು ಗಜೇಂದ್ರಗಡದ ದವಾಖಾನೆಗೆ ಹೋದ. ಸೂಜಿ ಹಾಕಿದರು, ಮುಂದೆ ಇಂತಿಂಥ ದಿನ ಮತ್ತೆ ಬರಬೇಕು ಎಂದು ಚೀಟಿ ಬರೆದು ಕೊಟ್ಟರು.

ಸಂಜೆ ಪಡಸಾಲೆಯಲ್ಲಿ ಮೂವರೂ ಕೂತೆವು. ಕೂಸು ಸೊಸೆಯ ತೊಡೆಯ ಮೇಲೆ ಮಲಗಿತ್ತು.

"ಸೋಮವಾರ ಟೆಂಪೋದವಗ ಹೇಳೇನಿ," ಎಂದ ಮಗ. "ಗುಡ್ಡದ ಮ್ಯಾಲೆ, ಆ ಗಾಳಿ ಫ್ಯಾನ್ ಅದಾವಲ್ಲ, ಅಲ್ಲಿ ಬಿಟ್ಟು ಬರತೇನಿ."

"ಬಿಟ್ಟು ಬಂದು?"

"ಬಿಟ್ಟು ಬಂದು ಏನು ಯವ್ವಾ, ಮುಗೀತು."

"ಅಲ್ಲಿ ಕುರಿ ಕಾಯೋರು ಇರತಾರ. ಇದು ಅವರಿಗೆ ಹಲ್ಲು ತೋರಸತೈತಿ, ಅವರು ಇದಕ್ಕ ಬಡಿಗಿ ತೋರಸತಾರ. ಕೊಲ್ಲೋದಾದ್ರ ನಾವ ಕೊಲ್ಲೂಣು. ಮಂದಿ ಕೈಲೆ ಯಾಕ ಕೊಲ್ಲಸತಿ?"

ಸೊಸೆ ನನ್ನ ಕಡೆ ತಿರುಗಿದಳು. "ಅತ್ತಿ, ನೀವು ನಾಯಿ ಪರ ಮಾತಾಡಬ್ಯಾಡ್ರಿ. ಇವತ್ತ ಕೈ ಹಿಡದೈತಿ, ನಾಳೆ ಮಾರಿ ಹಿಡದ್ರ?"

"ನಾ ಯಾರ ಪರಾನೂ ಇಲ್ಲ. ದನದ ದವಾಖಾನ್ಯಾಗ ಸೂಜಿ ಹಾಕ್ಸಿ ಮುಗಸ್ರಿ ಅಂತ ಹೇಳಾಕತ್ತೇನಿ."

ಅದನ್ನು ನಾನು ಮನಸಾರೆ ಹೇಳಿದೆ. ಸೊಸೆಯ ಬಾಯಿ ಮುಚ್ಚಿಸಲು ಹೇಳಿದ್ದಲ್ಲ. ಆ ನಾಯಿಯನ್ನು ನಾನು ಮುದ್ದು ಮಾಡಿದವಳಲ್ಲ. ಕುರಿಯವರು ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ ವರ್ಷ, ಹೋಗುವಾಗ ಒಂದು ನಾಯಿಮರಿ ಬಿಟ್ಟು ಹೋಗಿದ್ದರು. ಬಣ್ಣ ಹೊತ್ತಿದ ರೊಟ್ಟಿಯದು, ಈಗ ಎತ್ತರ ನನ್ನ ಸೊಂಟದವರೆಗೆ. ಹೆಸರು ಕೂಡ ಇಟ್ಟಿರಲಿಲ್ಲ. ನಾಯಿ ಎಂದರೆ ಬರುತ್ತಿತ್ತು, ಅಷ್ಟು ಸಾಕಾಗಿತ್ತು. ದಿನಾ ಎರಡು ರೊಟ್ಟಿ ಹಾಕುತ್ತಿದ್ದೆ. ಕೂಸಿನ ಕೈಗಿಂತ ಅದರ ಜೀವ ನನಗೆ ದೊಡ್ಡದಲ್ಲ. ಆದರೆ ಮಾಡುವ ಕೆಲಸ ಎದುರು ನಿಂತು ಮಾಡಬೇಕು. ಗುಡ್ಡದ ಮೇಲೆ ಬಿಟ್ಟು ಬೆನ್ನು ತಿರುಗಿಸಿ ಬರುವುದು ನನಗೆ ಸರಿ ಬರಲಿಲ್ಲ.

ಮರುದಿನ ನಮ್ಮೂರು ಪುರ್ತಗೇರಿಯಿಂದ ಮೊದಲ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋದೆ. ದನದ ದವಾಖಾನೆಯಲ್ಲಿ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಮ್ಮೆಯೊಂದರ ಹಿಂದೆ ಭುಜದವರೆಗೂ ಕೈ ಒಳಗೆ ಹಾಕಿ ನಿಂತಿದ್ದಳು. ಹಾಗೆ ನಿಂತೇ ನನ್ನನ್ನು ಮಾತಾಡಿಸಿದಳು.

"ಏನಾಗೇತ್ರಿ ಯವ್ವಾ?"

"ನಾಯಿ ಕಡದೈತ್ರಿ."

"ನಿಮಗೇನ್ರಿ? ಹಂಗಾರ ಮಂದಿ ದವಾಖಾನಿಗೆ ಹೋಗ್ರಿ, ಇದು ದನದ್ದು."

"ನನಗ ಕಡದಿಲ್ಲ. ನನಗ ಕಡೀವಷ್ಟು ಧೈರ್ಯ ಅದಕ್ಕ ಎಲ್ಲಿಂದ ಬರಬೇಕು. ಮೊಮ್ಮಗಳಿಗೆ ಕಡದೈತಿ. ನಾಯಿಗೆ ಸೂಜಿ ಹಾಕಿ ಮಲಗಿಸಬೇಕಾಗಿತ್ತು, ಕೇಳಾಕ ಬಂದೇನಿ."

ಅವಳು ಕೈ ಹೊರಗೆ ತೆಗೆದು ತೊಳೆದುಕೊಂಡಳು. ಕೂಸಿಗೆ ಸೂಜಿ ಆಯಿತೇ, ಕಡಿದು ಎಷ್ಟು ದಿನವಾಯಿತು ಎಂದು ಕೇಳಿದಳು. ನಿನ್ನೆ ಎಂದೆ.

"ಹಂಗಾರ ಹತ್ತು ದಿನ ಆ ನಾಯಿ ನಿಮ್ಮ ಕಣ್ಣ ಮುಂದ ಇರಬೇಕ್ರಿ. ಕೊಲ್ಲಂಗಿಲ್ಲ, ಕಳಸಂಗಿಲ್ಲ. ಅದಕ್ಕ ಹುಚ್ಚು ಇದ್ರ ಅಷ್ಟರಾಗ ಗೊತ್ತಾಗತೈತಿ. ಗೊತ್ತಾದ ಕೂಡಲೇ ಕೂಸಿನ ಡಾಕ್ಟರಿಗೆ ಹೇಳಬೇಕು. ಕೂಸಿನ ಸೂಜಿ ಮಾತ್ರ ಒಂದೂ ತಪ್ಪಿಸಬ್ಯಾಡ್ರಿ."

"ಮಗ ಗುಡ್ಡಕ್ಕ ಬಿಡತೇನಿ ಅಂತಾನ."

"ಗುಡ್ಡಕ್ಕ ಬಿಟ್ರ ಅದು ಸತ್ತದ್ದು ಬದುಕಿದ್ದು ಯಾರ ಬಂದು ಹೇಳತಾರ್ರಿ?"

ನನಗೆ ಇದು ಹೊಳೆದೇ ಇರಲಿಲ್ಲ. ಹೊರಟು ನಿಂತ ನನ್ನನ್ನು ಅವಳು ಮತ್ತೆ ಕರೆದಳು.

"ಯವ್ವಾ, ಹತ್ತು ದಿನ ಸುಮ್ನ ಕೂಡಬ್ಯಾಡ್ರಿ. ಯಾವಾಗ ಕಡಿತೈತಿ ನೋಡ್ರಿ. ಯಾರಿಗೆ ಅನ್ನೋದು ಬಿಡ್ರಿ, ಯಾವಾಗ ಅಂತ ನೋಡ್ರಿ. ಆಮ್ಯಾಲೂ ಬ್ಯಾಡ ಅನಸಿದ್ರ ನಾನ ಬಂದು ಸೂಜಿ ಹಾಕತೇನಿ."

ಮನೆಗೆ ಬಂದು ಹೇಳಿದೆ. ಕೂಸಿನ ವಿಷಯವೆಂದ ಮೇಲೆ ಮಗ ಟೆಂಪೋದವನಿಗೆ ಹನ್ನೊಂದನೆಯ ದಿನಕ್ಕೆ ಬಾ ಎಂದು ಫೋನು ಮಾಡಿದ. ಸೊಸೆ ಕೂಸನ್ನು ಹಿತ್ತಲ ಬಾಗಿಲಿನಿಂದಲೇ ಓಡಾಡಿಸಲು ಶುರು ಮಾಡಿದಳು.

"ಹತ್ತು ದಿನ ಅತ್ತಿ. ಹನ್ನೊಂದನೇ ದಿನ ನಾ ಯಾರ ಮಾತೂ ಕೇಳಂಗಿಲ್ಲ."

"ಕೇಳಬ್ಯಾಡ," ಎಂದೆ.

ಸರಪಳಿಯನ್ನು ಮೊಳದಷ್ಟಕ್ಕೆ ಗಿಡ್ಡ ಮಾಡಿಸಿದೆ. ನಾಯಿಯ ಜಾಗ ನಮ್ಮ ಮುಂಬಾಗಿಲ ಎಡಗಡೆ, ಕಟ್ಟೆಯ ಕೆಳಗೆ. ಬಂದವರೆಲ್ಲ ಚಪ್ಪಲಿ ಬಿಡುವುದೂ ಅಲ್ಲೇ. ನಾನು ಕಟ್ಟೆಯ ಇನ್ನೊಂದು ತುದಿಗೆ ಶೇಂಗಾದ ಚೀಲ ಇಟ್ಟುಕೊಂಡು ಕೂತೆ. ಸುಲಿಯುವುದು, ನೋಡುವುದು. ಆ ಹತ್ತು ದಿನದಲ್ಲಿ ನಾನು ಸುಲಿದಷ್ಟು ಶೇಂಗಾ ಹಿಂದೆ ಯಾವ ವರ್ಷವೂ ಸುಲಿದಿಲ್ಲ.

ಮೂರು ದಿನ ಏನೂ ಇಲ್ಲ. ಟಪಾಲಿನವನು ಬಂದ, ಚಪ್ಪಲಿ ಮೆಟ್ಟಿಕೊಂಡೇ ಕಾಗದ ಕೊಟ್ಟು ಹೋದ. ನಾಯಿ ಒಂದು ಸಲ ಬೊಗಳಿ ಮಲಗಿತು. ಟ್ರ್ಯಾಕ್ಟರಿನವನು ಅಂಗಳದಲ್ಲೇ ನಿಂತು ಮಗನನ್ನು ಕೂಗಿ ಹೋದ. ಕಿವಿ ಕೂಡ ಎತ್ತಲಿಲ್ಲ. ಇದು ಹುಚ್ಚು ನಾಯಿಯಲ್ಲ ಎಂದು ಗೊತ್ತಾಯಿತು. ಹುಚ್ಚಲ್ಲದ ನಾಯಿ ಕೂಸನ್ನೇಕೆ ಕಡಿಯಿತು ಎಂಬುದು ಗೊತ್ತಾಗಲಿಲ್ಲ. ಅದೇ ಕೂಸು ದಿನಾ ಅದರ ಕಿವಿ ಹಿಡಿದು ಜಗ್ಗುತ್ತಿತ್ತು, ಬೆನ್ನ ಮೇಲೆ ಏರಿ ಕೂರುತ್ತಿತ್ತು.

ನಾಲ್ಕನೆಯ ದಿನ ಪಕ್ಕದ ಮನೆಯವಳು ಮೊಸರಿಗೆ ಹೆಪ್ಪು ಕೇಳಲು ಬಂದಳು. ನಾಯಿಯನ್ನು ಬೈಯುತ್ತಲೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾಯಿ ಅವಳ ಕಡೆ ನೋಡಲೂ ಇಲ್ಲ. ಎದ್ದು ಬಂದು ಆ ಚಪ್ಪಲಿಗಳನ್ನು ಮೂಸಿತು. ಮೂತಿಯಿಂದ ಒಂದೊಂದನ್ನೇ ದೂಡಿ ತನ್ನ ಮುಂಗಾಲುಗಳ ನಡುವೆ ತಂದುಕೊಂಡಿತು. ಅವುಗಳ ಮೇಲೆ ಗದ್ದ ಇಟ್ಟು ಮಲಗಿತು.

ನಾನು ಶೇಂಗಾ ಸುಲಿಯುವುದನ್ನು ಬಿಟ್ಟೆ.

ಅವಳು ಹೊರಗೆ ಬಂದಾಗ ನಾನು ಅಲ್ಲೇ ಇದ್ದೆನಲ್ಲ, ನಾಯಿ ನನ್ನ ಮುಖ ನೋಡಿ ಸುಮ್ಮನೆ ಪಕ್ಕಕ್ಕೆ ಸರಿಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳನ್ನು ತಿರುಗಿ ಕರೆದೆ.

"ಏನವಾ, ನಾಳೆ ಇಷ್ಟೊತ್ತಿಗೇ ಮತ್ತ ಬಾ."

"ಯಾಕ, ಹೆಪ್ಪು ಸಾಲಂಗಿಲ್ಲೇನು?"

"ಬಾ ಅಂದ್ರ ಬಾ. ಹಳೇ ಚಪ್ಪಲಿ ಮೆಟಗೊಂಡು ಬಾ."

ಮರುದಿನ ನಾನು ಒಳಗೆ, ಕಿಟಕಿಯ ಹಿಂದೆ ನಿಂತೆ. ಹೋಗುವಾಗ ಚಪ್ಪಲಿಗೆ ಕಾಲು ಹಾಕಬೇಡ, ದೂರದಿಂದ ಕೊಡೆಯ ಹಿಡಿಕೆಯಿಂದ ಜಗ್ಗು ಎಂದು ಅವಳಿಗೆ ಹೇಳಿದ್ದೆ. ಕೊಡೆ ಚಪ್ಪಲಿಗೆ ತಾಗಿತೋ ಇಲ್ಲವೋ, ನಾಯಿಯ ಗಂಟಲಲ್ಲಿ ಸಪ್ಪಳ ಎದ್ದಿತು, ತುಟಿ ಮೇಲೆ ಹೋಯಿತು, ಕೊಡೆಯ ಬಟ್ಟೆ ಹರಿಯಿತು. ನಾನು ಬಾಗಿಲಿಗೆ ಬಂದೆ. ನನ್ನನ್ನು ಕಂಡ ಕೂಡಲೇ ಕೊಡೆ ಬಿಟ್ಟು ಬಾಲ ಅಲ್ಲಾಡಿಸಿತು.

ಕಡಿಸಿಕೊಂಡ ನಾಲ್ವರೂ ಆಗ ನನ್ನ ಕಣ್ಣ ಮುಂದೆ ಸಾಲಾಗಿ ಬಂದರು. ಒಬ್ಬರನ್ನೂ ಅದು ಬರುವಾಗ ಕಡಿದಿರಲಿಲ್ಲ. ನಮ್ಮ ಕಡೆ ಬೀಗರನ್ನು, ನೆಂಟರನ್ನು ಬಾಗಿಲವರೆಗೆ ಬಂದು ಕಳಿಸುತ್ತೇವೆ. ಮನೆಯವರು ನಿಂತಿದ್ದರೆ ಯಾರು ಏನು ಮೆಟ್ಟಿಕೊಂಡು ಹೋದರೂ ನಾಯಿಗೆ ಸಮಾಧಾನ. ಚಪ್ಪಲಿ ಬಿಟ್ಟು ಒಳಗೆ ಬಂದ ಮೀಟರಿನವನನ್ನು ಯಾರು ಬಾಗಿಲವರೆಗೆ ಬಂದು ಕಳಿಸುತ್ತಾರೆ? ಬಳೆಗಾರ್ತಿಯನ್ನೂ ಕಳಿಸಿರಲಿಲ್ಲ. ಅಳಿಯನನ್ನು ಕಳಿಸಬೇಕಾಗಿತ್ತು, ನಾನೇ ಏಳಲಿಲ್ಲ. ಕೂಸು ಸೊಸೆಯ ಚಿಕ್ಕಮ್ಮನ ಚಪ್ಪಲಿಯೊಳಗೆ ಕಾಲು ತೂರಿಸಿ ಎಳೆದುಕೊಂಡು ಹೊರಟಿತ್ತು. ನಮ್ಮ ನಮ್ಮ ಚಪ್ಪಲಿ ನಾವು ತೆಗೆದುಕೊಂಡರೆ ನಾಯಿ ಏನೂ ಅನ್ನುತ್ತಿರಲಿಲ್ಲ. ಬಂದವರದನ್ನು ಯಾರೂ ಮುಟ್ಟಬಾರದು, ಸ್ವತಃ ಬಂದವರೂ ಮುಟ್ಟಬಾರದು.

ಇದನ್ನು ಅದಕ್ಕೆ ಕಲಿಸಿದ್ದು ಯಾರು ಎಂಬುದು ನೆನಪಾದ ಮೇಲೆ ನನಗೆ ಅವತ್ತು ಊಟ ಸೇರಲಿಲ್ಲ. ಕಲಿಸಿದವಳು ನಾನೇ.

ಸೊಸೆ ಏಳು ತಿಂಗಳ ಬಸುರಿ ಇದ್ದಾಗ ಮನೆಯಲ್ಲಿ ಕುಬಸ ಮಾಡಿದೆವು. ಉಡಿ ತುಂಬಲು ಊರ ಹೆಣ್ಣುಮಕ್ಕಳೆಲ್ಲ ಬಂದಿದ್ದರು. ಬಾಗಿಲ ತುಂಬ ಚಪ್ಪಲಿ. ಅದರ ಹಿಂದಿನ ವಾರ ಓಣಿಯಲ್ಲಿ ಯಾರದೋ ಮನೆಯ ಕಾರ್ಯದಲ್ಲಿ ನಾಲ್ಕು ಜೊತೆ ಚಪ್ಪಲಿ ಕಳೆದು ದೊಡ್ಡ ಜಗಳವಾಗಿತ್ತು. ನಮ್ಮ ಮನೆಯಲ್ಲಿ ಹಾಗಾಗಬಾರದೆಂದು ನಾನು ನಾಯಿಯನ್ನು ಹಿತ್ತಲಿನಿಂದ ತಂದು ಆ ಚಪ್ಪಲಿಯ ನಡುವೆ ಕಟ್ಟಿದೆ. ಚಪ್ಪಲಿಯ ಮೇಲೆ ಕೈ ಬಡಿದು "ಇವನ್ನ ಕಾಯಿ" ಎಂದೆ. ಬೀದಿ ನಾಯಿ ಬಂದು ಒಂದಕ್ಕೆ ಬಾಯಿ ಹಾಕಿದಾಗ ಇದು ಅದನ್ನು ಓಡಿಸಿತು. ನಾನು ಒಂದು ಇಡೀ ಹೋಳಿಗೆ ಹಾಕಿದೆ, ಬೆನ್ನು ತಟ್ಟಿದೆ. ಆಮೇಲೆ ಅಲ್ಲಿಂದ ಬಿಚ್ಚಲೇ ಇಲ್ಲ, ಜಾಗ ಚಲೋ ಆಯಿತು ಎಂದು ಅಲ್ಲೇ ಬಿಟ್ಟೆವು. ಹೇಳಿದ ನಾನು ಮರೆತೆ. ಅದು ಇವತ್ತಿಗೂ ಕಾಯುತ್ತಲೇ ಇತ್ತು.

ಹತ್ತನೆಯ ದಿನ ಸಂಜೆ ಸೊಸೆಯನ್ನು ಕರೆದು ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಹಂಗಾರ ನಾಯೀದು ತಪ್ಪಲ್ಲ ಅಂತೀರಿ. ನಿಮ್ಮದು."

"ಹೌದು. ನಂದ."

"ನಿಮಗ ಸೂಜಿ ಹಾಕ್ಸೂಣೇನ್ರಿ ಮತ್ತ?"

"ಹಾಕ್ಸು. ಆದ್ರ ನಾಳೆ ಒಮ್ಮೆ ಕಣ್ಣಲೆ ನೋಡು, ಆಮ್ಯಾಲೆ ಹಾಕ್ಸು."

ಹನ್ನೊಂದನೆಯ ದಿನ ಟೆಂಪೋ ಬಂತು. ಅದರ ಹಿಂದೆಯೇ ಯಾವಗಲ್ಲಿನಿಂದ ಅಳಿಯನೂ ಬಂದರು. ನಾಯಿ ಹೋಗುವುದನ್ನು ನೋಡಲೆಂದೇ ರಜೆ ಹಾಕಿ ಬಂದಿದ್ದರು, ಮುಖದಲ್ಲಿ ಹಬ್ಬದ ಕಳೆ ಇತ್ತು. ನನಗೂ ಅಂಥವರೇ ಬೇಕಾಗಿತ್ತು.

"ಅಳಿಯಾರ, ಚಪ್ಪಲಿ ಇಲ್ಲಿ ಬಿಡಬ್ಯಾಡ್ರಿ. ಆ ಬೇವಿನ ಗಿಡದ ಕೆಳಗ ಬಿಟ್ಟು ಬರ್ರಿ."

"ಯಾಕ್ರಿ ಅತ್ತಿ? ನನ್ನ ಚಪ್ಪಲಿಗೆ ನಿಮ್ಮ ಮನಿ ಮುಂದ ಜಾಗ ಇಲ್ಲೇನು?"

"ನಿಮ್ಮ ಕಾಲಿನ ಸಲುವಾಗಿ ಹೇಳಾಕತ್ತೇನಿ."

ಕಾಲಿನ ಮಾತು ಬಂದ ಕೂಡಲೇ ಬೇವಿನ ಗಿಡದ ಕಡೆ ನಡೆದರು. ಒಳಗೆ ಬಂದು ಚಹಾ ಕುಡಿದರು. ಆಮೇಲೆ ನಾನು ಎಲ್ಲರನ್ನೂ ಪಡಸಾಲೆಯ ಕಿಟಕಿಗೆ ನಿಲ್ಲಿಸಿ, ಅವರೊಬ್ಬರನ್ನೇ ಹೊರಗೆ ಹೋಗಲು ಹೇಳಿದೆ.

"ನೀವು ಮುಂದ ನಡೀರಿ ಅತ್ತಿ."

"ನಾ ಬಂದ್ರ ಪರೀಕ್ಷಾ ಕೆಡತೈತಿ. ಸರಪಳಿ ಗಿಡ್ಡ ಐತಿ, ಆಚಿ ಕಡಿಂದ ಹೋಗ್ರಿ. ನಿಮಗ ಮುಟ್ಟಂಗಿಲ್ಲ."

"ಮುಟ್ಟಿದ್ರ?"

"ಮುಟ್ಟಿದ್ರ ಟೆಂಪೋ ಐತಲ್ಲ, ದವಾಖಾನಿಗೆ ಬಿಡತೈತಿ."

ಟೆಂಪೋದವನು ಗೊಳ್ಳೆಂದು ನಕ್ಕ. ಹೆಂಗಸರ, ಟೆಂಪೋದವನ ಎದುರಿಗೆ ಹಿಂದೆ ಸರಿಯಲಾಗದೆ ಅಳಿಯ ಧೋತರ ಮೇಲೆತ್ತಿ ಹಿಡಿದು ಹೊರಟರು. ನಾಯಿ ಒಂದು ಕಣ್ಣು ತೆರೆದು ನೋಡಿತು, ಆಕಳಿಸಿತು, ಮತ್ತೆ ಮಲಗಿತು. ಅವರು ಬೇವಿನ ಗಿಡದ ಕೆಳಗೆ ಚಪ್ಪಲಿ ಮೆಟ್ಟಿಕೊಂಡು ಅಲ್ಲೇ ನಿಂತು ಬೆವರು ಒರೆಸಿಕೊಂಡರು.

ಈಗ ನಾನು ಹೋಗಿ ಅವರ ಕಾಲಿನಿಂದಲೇ ಆ ಚಪ್ಪಲಿ ಬಿಡಿಸಿ ತಂದು ನಾಯಿಯ ಮುಂದೆ ಇಟ್ಟು ಒಳಗೆ ಬಂದೆ. ಉದ್ದನೆಯ ಬಿದಿರು ಕೊಟ್ಟು, ದೂರ ನಿಂತು ಜಗ್ಗಿರಿ ಎಂದೆ. ಬಿದಿರು ತಾಗಿದ್ದೇ ತಡ, ನಾಯಿ ಎದ್ದ ರಭಸಕ್ಕೆ ಸರಪಳಿ ಟಣ್ ಎಂದಿತು. ಬಿದಿರಿನ ತುದಿ ಚೂರು ಚೂರು. ಅಳಿಯ ಬಿದಿರು ಒಗೆದು ಟೆಂಪೋದ ಒಳಗೆ ಹತ್ತಿ ಕೂತರು.

"ನಾ ಹೇಳ್ಲಿಲ್ಲೇನು!" ಎಂದೆ. ಅರವತ್ತು ದಾಟಿದವಳು, ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಆಗ ನನಗೆ ನಾಚಿಕೆ ಏನೂ ಆಗಲಿಲ್ಲ.

ಮಗ ಬೆರಗಾಗಿ ನಾಯಿಯನ್ನೇ ನೋಡುತ್ತಿದ್ದ. "ಹಂಗಾರ ಚಪ್ಪಲಿ ಜಾಗಾ ಬದಲ ಮಾಡಿದ್ರ ಮುಗೀತಲ್ಲ ಯವ್ವಾ. ಟೆಂಪೋ ತಿರುಗಿ ಕಳಸತೇನಿ."

"ಮುಗಿಯಂಗಿಲ್ಲ," ಎಂದಳು ಸೊಸೆ. "ಇವತ್ತ ಚಪ್ಪಲಿ. ನಾಳೆ ಕೂಸು ತನ್ನ ಆಟಗಿ ಅಲ್ಲಿಟ್ಟು ಮತ್ತೊಂದು ಕೂಸು ಬಂದು ತಗೊಂಡ್ರ? ಈ ಬಾಗಲದಾಗ ಅದು ಬ್ಯಾಡ. ಸಾಯೋದು ಬ್ಯಾಡ, ಆದ್ರ ಇಲ್ಲಿ ಬ್ಯಾಡ."

ನಾನು ಅವಳ ಮಾತಿಗೆ ಹೌದೆಂದು ತಲೆಯಾಡಿಸಿದೆ. ಅವಳು ಹೇಳಿದ್ದೇ ಸರಿ. ನಾಯಿ ಸುಮ್ಮಸುಮ್ಮನೆ ಕಡಿಯುತ್ತಿಲ್ಲ ಎಂದು ತೋರಿಸುವುದು ನನ್ನ ಕೆಲಸವಾಗಿತ್ತು, ಅದು ಕೂಸಿನ ಬಾಗಿಲಲ್ಲೇ ಇರಬೇಕು ಎಂದು ಹಟ ಹಿಡಿಯುವುದಲ್ಲ. ಕಾಯುವುದನ್ನು ಅದು ಬಿಡುವುದಿಲ್ಲ ಎಂದ ಮೇಲೆ, ಜನ ಬಂದು ಹೋಗುವ ಕಡೆ ಅದಕ್ಕೇನು ಕೆಲಸ? ನಮ್ಮ ಕಣದಲ್ಲಿ ಮೆಣಸಿನಕಾಯಿ ಒಣಗಲು ಹಾಕುವ ದಿನ ಹತ್ತಿರ ಬಂದಿತ್ತು. ಹಿಂದಿನ ವರ್ಷ ಅಲ್ಲಿಂದ ಕಳುವಾಗಿತ್ತು.

"ಟೆಂಪೋ ಗುಡ್ಡಕ್ಕ ಬ್ಯಾಡ, ಕಣಕ್ಕ ನಡೀಲಿ," ಎಂದೆ.

ಅಳಿಯ ಒಳಗೆ ಕೂತವರು ಗಡಬಡಿಸಿ ಇಳಿದರು, ನಾಯಿ ಹತ್ತಿತು.

ಕಣದಲ್ಲಿ ಎರಡು ಕಂಬ ನೆಟ್ಟು ನಡುವೆ ತಂತಿ ಎಳೆದು, ಸರಪಳಿ ಅದರ ಗುಂಟ ಓಡುವ ಹಾಗೆ ಮಗ ಕಟ್ಟಿದ. ನೆರಳಿಗೆ ತಗಡು ಹಾಕಿಸಿದ. ನಾಯಿ ಇದೆ ಎಂದು ಹಲಗೆಯ ಮೇಲೆ ಬರೆಸಿ ದಾರಿಗೆ ಮುಖ ಮಾಡಿ ನಿಲ್ಲಿಸಿದ. ಕೂಲಿಗೆ ಬರುವ ಹೆಣ್ಣುಮಕ್ಕಳ ಬುತ್ತಿ, ಚಪ್ಪಲಿ ಎಲ್ಲ ಆ ಕಡೆಯ ಬದುವಿನಲ್ಲಿ, ಕಣದ ಒಳಗೆ ಒಂದೂ ಬರಬಾರದು ಎಂದು ನಾನು ಕಟ್ಟುನಿಟ್ಟು ಮಾಡಿದೆ. ಕಾಯಿ ಹರಡಿದ ದಿನ ಅದರ ಮೇಲೆ ಕೈ ಬಡಿದು ನಾಯಿಗೆ ತೋರಿಸಿದೆ. ಈ ಸಲ ಏನು ಹೇಳುತ್ತಿದ್ದೇನೆಂದು ನನಗೆ ನೆನಪಿತ್ತು. ಗಜೇಂದ್ರಗಡದ ಡಾಕ್ಟರು ಆ ಕಡೆ ಬಂದಾಗ ನೋಡಿ, ನಾಯಿಗೂ ವರ್ಷದ ಸೂಜಿ ಹಾಕಿ ಹೋದಳು. ಬಳೆಗಾರ್ತಿಯ ಮನೆಗೆ ನಾನೇ ಹೋಗಿ ತಪ್ಪಾಯಿತು ಎಂದು ಬಂದೆ. ಅವಳು ಒಂದು ಡಜನ್ ಬಳೆ ಇಡಿಸಿಯೇ ಕಳಿಸಿದಳು.

ಮೆಣಸಿನಕಾಯಿ ಇನ್ನೂ ಕಣದಲ್ಲಿರುವಾಗ ಒಂದು ಬೆಳಗ್ಗೆ ರೊಟ್ಟಿ ತೆಗೆದುಕೊಂಡು ಹೋದೆ. ಕಾಯಿ ಒಂದೂ ಕದಲಿರಲಿಲ್ಲ. ಒಂದು ಖಾಲಿ ಚೀಲ ಹರಿದು ಬಿದ್ದಿತ್ತು. ನಾಯಿ ಗಂಡಸಿನ ಒಂಟಿ ಚಪ್ಪಲಿಯೊಂದನ್ನು ಮುಂಗಾಲ ನಡುವೆ ಇಟ್ಟುಕೊಂಡು ನನ್ನ ದಾರಿ ನೋಡುತ್ತ ಮಲಗಿತ್ತು. ಅದು ಯಾರದೆಂದು ಊರಿಗೆಲ್ಲ ಗೊತ್ತು. ನಾವೂ ಹೋಗಿ ಕೇಳಲಿಲ್ಲ, ಅವನೂ ಕೇಳಿಕೊಂಡು ಬರಲಿಲ್ಲ.

ಈ ಸುದ್ದಿ ಯಾವಗಲ್ಲಿಗೆ ಮುಟ್ಟಲು ಎರಡು ದಿನ ಸಾಕಾಯಿತು. ಮೂರನೆಯ ದಿನ ಅಳಿಯ ಬಂದರು. ಬೇವಿನ ಗಿಡದ ಕೆಳಗೆ ಚಪ್ಪಲಿ ಬಿಟ್ಟು, ನಾಯಿ ಇಲ್ಲದ ಬಾಗಿಲನ್ನು ಎರಡೆರಡು ಸಲ ನೋಡಿ ಒಳಗೆ ಬಂದು ಕೂತರು. ಅದೂ ಇದೂ ಮಾತಾಡಿದರು, ಎರಡು ಕಪ್ಪು ಚಹಾ ಕುಡಿದರು.

"ಅಲ್ರಿ ಅತ್ತಿ, ಹೊಲದಾಗ ಉಳ್ಳಾಗಡ್ಡಿ ಕಿತ್ತು ಒಟ್ಟೇವಿ. ಕಾಯಾಕ ಯಾರೂ ಇಲ್ಲ. ಒಂದು ಹದಿನೈದು ದಿನ ನಾಯಿ ಕೊಟ್ರ…"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಸೊಸೆಯ ಧ್ವನಿ ಬಂತು.

"ನಮ್ಮ ನಾಯಿ ಎಲ್ಲೂ ಬರಂಗಿಲ್ರಿ. ನಿಮಗ ಬೇಕಂದ್ರ ನೀವೂ ಒಂದು ಸಾಕ್ರಿ."

ಅಳಿಯ ನನ್ನ ಮುಖ ನೋಡಿದರು. ನಾನು ಚಹಾದ ಕಪ್ಪು ಎತ್ತಿಕೊಂಡು ಎದ್ದೆ. ಅವರು ಹೊರಟಾಗ ಮಾತ್ರ ಬೇವಿನ ಗಿಡದವರೆಗೂ ಜೊತೆಗೆ ಹೋಗಿ ಕಳಿಸಿ ಬಂದೆ.